ಹಾಜರಿ ಪುಸ್ತಕದ ಒಂದು ಸಾಲು

ಕೆಳಗಿನ ಮನೆಯವರ ಮಗ ಈ ಸಲ ಎಂಟನೇ ತರಗತಿಗೆ ಸರ್ಕಾರಿ ಪ್ರೌಢಶಾಲೆ ಸೇರಿದ. ಸೇರಿಸುವ ಹಿಂದಿನ ರಾತ್ರಿ ಅವನ ತಾಯಿ ಮೇಲೆ ಬಂದು ಬಾಗಿಲಲ್ಲೇ ನಿಂತರು. ‘ಅಕ್ಕಾ, ನೀವೂ ಅಲ್ಲೇ ಓದಿದ್ದಂತೆ, ಹೌದೇ?’ ಎಂದು ಕೇಳಿದರು. ಮಗನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ್ದರು. ಆ ತಗ್ಗಿದ ದನಿ ನನಗೆ ಹಳೆಯ ಪರಿಚಯ. 2007ರ ಬೇಸಿಗೆಯಲ್ಲಿ ನಮ್ಮಮ್ಮ ಬೀದಿ ನಲ್ಲಿಯ ಬಳಿ ಅಕ್ಕಪಕ್ಕದವರಿಗೆ ‘ಈ ಒಂದು ವರ್ಷದ ಮಟ್ಟಿಗೆ’ ಎಂದು ಹೇಳುತ್ತಿದ್ದದ್ದು ಇದೇ ದನಿಯಲ್ಲಿ.

ಆ ಒಂದು ವರ್ಷ ಮೂರಾಯಿತು. 2010ರಲ್ಲಿ ಅಲ್ಲಿಂದಲೇ ಎಸ್ಸೆಸ್ಸೆಲ್ಸಿ ಬರೆದೆ. ಕೆಳಗಿನ ಮನೆಯ ತಾಯಿಗೆ ಆ ರಾತ್ರಿ ನಾನು ಹೇಳಿದ್ದು ನಾಲ್ಕೇ ಮಾತು. ಹೇಳಲಾಗದೆ ಉಳಿದದ್ದೇ ಹೆಚ್ಚು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಿನಲ್ಲಿ ಟರ್ನರ್. ಒಂದೇ ಲೇತ್ ಯಂತ್ರದ ಮುಂದೆ ಹದಿನಾರು ವರ್ಷ ನಿಂತು ದುಡಿದವರು. ನೆಲದ ಬೆಲೆ ಏರಿದ ಕಾಲ ಅದು. ಮಾಲೀಕರು ಜಾಗ ಮಾರಿದರು. ಅಪ್ಪ ಆರು ತಿಂಗಳು ಅಲ್ಲಿ ಇಲ್ಲಿ ದಿನದ ಲೆಕ್ಕದಲ್ಲಿ ಜಾಬ್ ವರ್ಕ್ ಮಾಡಿದರು. ನಾನು ಓದುತ್ತಿದ್ದ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಎರಡು ಕಂತು ಬಾಕಿ ಉಳಿಯಿತು. ಅಲ್ಲಿ ಬಾಕಿ ಇದ್ದ ಮಕ್ಕಳ ಹೆಸರನ್ನು ತರಗತಿಯಲ್ಲೇ ಓದುತ್ತಿದ್ದರು, ಹೆಸರು ಬಂದವರು ಎದ್ದು ನಿಲ್ಲಬೇಕಿತ್ತು. ಟಿ.ಸಿ. ಕೇಳಲು ಅಪ್ಪ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದರು. ಅಮ್ಮನ ಬಳೆ ಅಡವಿಟ್ಟು ಬಾಕಿ ತೀರಿಸಿದ ಮೇಲೆಯೇ ಆ ಕಾಗದ ಕೈಗೆ ಬಂತು.

ಆಗ ಶಿಕ್ಷಣ ಹಕ್ಕು ಕಾಯ್ದೆ ಇರಲಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಆ ಕಾಯ್ದೆಯ ಐದನೇ ಸೆಕ್ಷನ್ ಪ್ರಕಾರ, ಮಗು ಸರ್ಕಾರಿ ಶಾಲೆಗೆ ಹೋಗಬಯಸಿದರೆ ಹಳೆಯ ಶಾಲೆಯ ಮುಖ್ಯಸ್ಥರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು. ಪತ್ರ ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಎಂಟನೇ ತರಗತಿಯವರೆಗೆ ಈ ರಕ್ಷಣೆ ಇದೆ. ಕೆಳಗಿನ ಮನೆಯವರಿಗೂ ‘ಬಾಕಿ ಕಟ್ಟಿ, ಆಮೇಲೆ ಟಿ.ಸಿ.’ ಎಂದಿದ್ದರಂತೆ. ಸೆಕ್ಷನ್ನಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ನಾನು ಹೇಳಿದ ನಾಲ್ಕು ಮಾತುಗಳಲ್ಲಿ ಮೊದಲನೆಯದು ಅದು. ಅಂಥದೊಂದು ಚೀಟಿಯನ್ನು ಆಗ ಯಾರೂ ನಮ್ಮ ಅಪ್ಪನಿಗೆ ಬರೆದುಕೊಡಲಾಗದಿದ್ದದ್ದು ಇಂದಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಹೊಸ ಶಾಲೆಯ ಮೊದಲ ದಿನ, ಹಾಜರಿ ಕರೆದಾಗ, ‘ಪ್ರೆಸೆಂಟ್ ಮಿಸ್’ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಲ್ಲಿ ‘ಮಿಸ್’ ಇರಲಿಲ್ಲ, ‘ಟೀಚರ್’ ಇದ್ದರು. ಆದರೆ ನನ್ನನ್ನು ಕಾಡಿದ್ದು ಆ ನಗುವಲ್ಲ. ಅರವತ್ತೊಂದು ಹೆಸರು ಕರೆದರೆ ನಲವತ್ತರ ಆಸುಪಾಸು ಉತ್ತರ ಬರುತ್ತಿತ್ತು. ಉತ್ತರ ಬರದ ಪ್ರತಿ ಹೆಸರಿನ ಮುಂದೆಯೂ ಟೀಚರ್ ಒಂದು ಕ್ಷಣ ತಡೆಯುತ್ತಿದ್ದರು. ‘ಊರಿಗೆ ಹೋಗಿದ್ದಾಳೆ ಟೀಚರ್, ಹತ್ತಿ ಬಿಡಿಸಲಿಕ್ಕೆ.’ ‘ಅವರಮ್ಮನಿಗೆ ಗಾರ್ಮೆಂಟ್ಸಿನಲ್ಲಿ ಓಟಿ ಟೀಚರ್, ತಮ್ಮನನ್ನು ನೋಡಿಕೊಳ್ಳಬೇಕು.’ ‘ಮನೆ ಖಾಲಿ ಮಾಡಿದರಂತೆ ಟೀಚರ್.’ ಬಂದವರು ಬಾರದವರ ಪರವಾಗಿ ಲೆಕ್ಕ ಒಪ್ಪಿಸುತ್ತಿದ್ದರು. ಯಾರ ಮನೆಯಲ್ಲಿ ಏನಾಗಿದೆ ಎಂಬುದು ಅವರಿಗೆ ಪಾಠಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಹಳೆಯ ಶಾಲೆಯಲ್ಲಿ ಗೈರಿಗೆ ಇದ್ದದ್ದು ಎರಡೇ ಕಾರಣ: ಜ್ವರ ಅಥವಾ ಮದುವೆ. ನೂರಕ್ಕೆ ನೂರು ಹಾಜರಿ ಎಂದು ಎರಡು ವರ್ಷ ಬಹುಮಾನ ಗೆದ್ದವಳು ನಾನು. ಸ್ಟೀಲಿನ ಎರಡು ಡಬ್ಬಿ ಇಂದಿಗೂ ಅಮ್ಮನ ಅಡುಗೆಮನೆಯಲ್ಲಿವೆ, ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಮೆಂತ್ಯ. ಅವು ನನ್ನ ಶ್ರದ್ಧೆಗೆ ಸಿಕ್ಕವೆಂದು ನಂಬಿದ್ದೆ. ಹೊಸ ಶಾಲೆಯಲ್ಲಿ ಕೂತು ಆ ಹೆಸರುಗಳನ್ನು ಕೇಳುತ್ತ ಕೇಳುತ್ತ ಅವು ಯಾರದೆಂದು ತಿಳಿಯಿತು. ಐದು ಗಂಟೆಗೆ ಎದ್ದು ಡಬ್ಬಿ ಕಟ್ಟುತ್ತಿದ್ದ ಅಮ್ಮನದು ಒಂದು. ವ್ಯಾನಿನ ಹಣ ಹೊಂದಿಸುತ್ತಿದ್ದ ಅಪ್ಪನದು ಇನ್ನೊಂದು. ನಾನು ಮಾಡಿದ್ದು ವ್ಯಾನು ಹತ್ತುವುದು ಮಾತ್ರ. ನನ್ನ ಹೊಸ ತರಗತಿಯಲ್ಲಿ ಎಷ್ಟೋ ಮಕ್ಕಳಿಗೆ ಶಾಲೆಗೆ ಬಂದು ಕೂರುವುದೇ ದಿನದ ದೊಡ್ಡ ಕೆಲಸವಾಗಿತ್ತು. ನೀರು ಹಿಡಿದು, ಅನ್ನ ಮಾಡಿ, ತಂಗಿಯನ್ನು ಅಂಗನವಾಡಿಗೆ ಬಿಟ್ಟು, ಅವರು ಪ್ರಾರ್ಥನೆಯ ಹೊತ್ತಿಗೆ ಗೇಟಿನೊಳಗೆ ಓಡಿ ಬರುತ್ತಿದ್ದರು. ತಡವಾದವರನ್ನು ನಮ್ಮ ಟೀಚರ್ ಹೊರಗೆ ನಿಲ್ಲಿಸಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಮೊದಮೊದಲು ಅದನ್ನು ಶಿಸ್ತಿಲ್ಲದಿರುವುದು ಎಂದುಕೊಂಡಿದ್ದೆ.

ಇನ್ನು ಭಾಷೆಯ ವಿಷಯ. ಹಳೆಯ ಶಾಲೆಯಲ್ಲಿ ಕನ್ನಡದಲ್ಲಿ ಮಾತನಾಡಿದರೆ ಐದು ರೂಪಾಯಿ ದಂಡ. ಹೀಗಾಗಿ ನನಗೆ ಕನ್ನಡ ಎಂದರೆ ಮನೆಯ ಮಾತು ಮತ್ತು ಒಂದು ಪಠ್ಯಪುಸ್ತಕ, ಅಷ್ಟೇ. ಹೊಸ ಶಾಲೆಯಲ್ಲಿ ವಿಜ್ಞಾನದ ಪುಸ್ತಕ ಬಿಡಿಸಿದರೆ ದ್ಯುತಿಸಂಶ್ಲೇಷಣೆ, ಪತ್ರಹರಿತ್ತು, ವೇಗೋತ್ಕರ್ಷ, ಜಡತ್ವ. ಮೊದಲ ತಿಂಗಳು ರಾತ್ರಿ ಅತ್ತಿದ್ದೇನೆ. ಗಣಿತದಲ್ಲಿ ಮೊದಲ ಕಿರುಪರೀಕ್ಷೆಗೆ ಇಪ್ಪತ್ತೈದಕ್ಕೆ ಒಂಬತ್ತು ಬಂತು. ಬಾರದ್ದು ಲೆಕ್ಕವಲ್ಲ, ಪ್ರಶ್ನೆ ಏನು ಕೇಳುತ್ತಿದೆ ಎಂಬುದು.

ಆಮೇಲೆ ಒಂದು ದಿನ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಮೂರು ತ್ರಿಭುಜ ಬರೆದರು. ಸಮಬಾಹು, ಸಮದ್ವಿಬಾಹು, ವಿಷಮಬಾಹು. ‘ಹೆಸರಲ್ಲೇ ಉತ್ತರ ಇದೆ, ಬಿಡಿಸಿ ಓದಿ’ ಎಂದರು. ಬಿಡಿಸಿ ಓದಿದೆ. ಸಮ, ದ್ವಿ, ಬಾಹು: ಎರಡು ತೋಳು ಸಮ. ‘ಐಸೋಸಲೀಸ್’ ಎಂಬುದನ್ನು ಎರಡು ವರ್ಷ ಉರು ಹೊಡೆದು, ಪ್ರತಿ ಪರೀಕ್ಷೆಯ ಮುಂಚೆ ಅದು ಎರಡು ಬದಿಯದೋ ಮೂರು ಬದಿಯದೋ ಎಂದು ಗೊಂದಲಪಟ್ಟವಳಿಗೆ ಆ ಗಳಿಗೆ ಏನಾಯಿತೆಂದು ಹೇಳಲು ನನಗೆ ಈಗಲೂ ಮಾತು ಸಾಲುವುದಿಲ್ಲ. ವೇಗೋತ್ಕರ್ಷ ಎಂದರೆ ವೇಗದ ಉತ್ಕರ್ಷ, ವೇಗ ಏರುವುದು. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸಿ ಕಟ್ಟುವುದು. ಪದಗಳನ್ನು ಬಿಡಿಸಿ ನೋಡುವ ಆ ಅಭ್ಯಾಸ ಅಲ್ಲಿಂದ ಹಿಡಿದು ಈವರೆಗೆ ಬಿಟ್ಟಿಲ್ಲ. ಈಗ ಕಚೇರಿಯಲ್ಲಿ ಇಂಗ್ಲಿಷಿನ ಯಾವ ದೊಡ್ಡ ಪದ ಎದುರಾದರೂ ಅದರ ಕೀಲುಗಳೆಲ್ಲಿವೆ ಎಂದು ಮೊದಲು ಹುಡುಕುತ್ತೇನೆ.

ಆ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಮಾತನಾಡುವವರು ಅರ್ಧದಷ್ಟಿದ್ದರೋ ಇಲ್ಲವೋ. ತಮಿಳು, ತೆಲುಗು, ಉರ್ದು, ಲಂಬಾಣಿ ಎಲ್ಲವೂ ಇದ್ದವು. ಪ್ರಬಂಧಕ್ಕೆ ಯಾವಾಗಲೂ ಹೆಚ್ಚು ಅಂಕ ಪಡೆಯುತ್ತಿದ್ದವಳು ಮನೆಯಲ್ಲಿ ತಮಿಳಾಡುವ ಹುಡುಗಿ. ಕನ್ನಡದ ಮನೆಯಲ್ಲಿ ಹುಟ್ಟಿ ಕನ್ನಡ ಬರೆಯಲು ತಡವರಿಸುತ್ತಿದ್ದ ನನಗೆ ಅವಳೇ ಒತ್ತಕ್ಷರ ತಿದ್ದಿದಳು.

ಊಟದ ಬಗ್ಗೆ ಹೇಳಲೇಬೇಕು. ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳ ಪ್ರಾಥಮಿಕ ಶಾಲೆಗಳಲ್ಲಿ ಶುರುವಾದದ್ದು. ಎಂಟರಿಂದ ಹತ್ತನೇ ತರಗತಿಯವರಿಗೆ ಬಿಸಿಯೂಟ ಬಂದದ್ದು 2007-08ರಲ್ಲಿ, ಅಂದರೆ ನಾನು ಸೇರಿದ ವರ್ಷವೇ. ಪ್ರೌಢಶಾಲೆಯವರಿಗೆಲ್ಲ ಅದು ಹೊಸದು, ಹಾಗಾಗಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಲು ನಾಚಿಕೊಂಡವಳು ನಾನೊಬ್ಬಳೇ ಅಲ್ಲ. ಮೊದಲ ವಾರ ಅಮ್ಮ ಕಟ್ಟಿದ ಚಪಾತಿಯನ್ನು ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿಂದೆ. ಎರಡನೇ ವಾರ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಬಂದು ನನ್ನ ಡಬ್ಬಿಯ ಮುಚ್ಚಳವನ್ನೇ ತಟ್ಟೆಯಾಗಿ ಹಿಡಿಸಿ ಸಾಲಿಗೆ ಎಳೆದುಕೊಂಡು ಹೋದಳು. ಅವಳು ಯಾದಗಿರಿ ಕಡೆಯವಳು. ಅವಳ ಊರಿನ ಶಾಲೆಯಲ್ಲಿ ಬಿಸಿಯೂಟ ಮೊದಲೇ ಇತ್ತು. ‘ಅನ್ನದ ಮುಂದೆ ಯಾರು ಯಾರನ್ನು ನೋಡುತ್ತಾರೆ?’ ಎಂದಳು. ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತಿದ್ದ ಸಾಂಬಾರು ಕೆಲವು ದಿನ ತೆಳ್ಳಗಿರುತ್ತಿತ್ತು, ನಿಜ. ಅದಕ್ಕೇ ಮನೆಗಳಿಂದ ಚಟ್ನಿಪುಡಿ, ಉಪ್ಪಿನಕಾಯಿ ಪೊಟ್ಟಣಗಳು ಬರುತ್ತಿದ್ದವು. ಯಾರ ಮನೆಯದೆಂದು ಕೇಳದೆ ಕೈಯಿಂದ ಕೈಗೆ ದಾಟುತ್ತಿದ್ದವು. ನಮ್ಮ ಮನೆಯಲ್ಲಿ ಅಜ್ಜಿಗೆ ಈ ವಿಷಯ ಗೊತ್ತಾಗಿದ್ದರೆ ರಂಪವಾಗುತ್ತಿತ್ತು. ಅಮ್ಮನಿಗೆ ಗೊತ್ತಿತ್ತು. ಅವಳು ಏನೂ ಹೇಳದೆ ಚಟ್ನಿಪುಡಿಯ ಪೊಟ್ಟಣವನ್ನು ಸ್ವಲ್ಪ ದೊಡ್ಡದು ಮಾಡಿದಳು.

ಯಾದಗಿರಿಯ ಆ ಗೆಳತಿಯ ಹೆಸರನ್ನು ಬರೆಯುವುದಿಲ್ಲ. ಅವಳನ್ನು ಕೇಳಿ ಬರೆಯಬೇಕು, ಕೇಳಲು ಅವಳು ಎಲ್ಲಿದ್ದಾಳೆಂದು ನನಗೆ ತಿಳಿಯದು. ಅವಳ ಅಪ್ಪ ಗಾರೆ ಕೆಲಸದವರು, ಅವ್ವ ಅದೇ ಕಟ್ಟಡದಲ್ಲಿ ಕೂಲಿ. ಬೆಂಗಳೂರು ಮಹಾನಗರ ಪಾಲಿಕೆ ‘ಬೃಹತ್’ ಆದದ್ದೂ 2007ರಲ್ಲೇ. ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳು ಊರಿಗೆ ಸೇರಿದವು. ಎತ್ತ ನೋಡಿದರೂ ಕಟ್ಟಡ ಏಳುತ್ತಿತ್ತು. ಶಾಲೆಯ ಹಿಂಬದಿಯಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಬುಡದಲ್ಲಿ ತಗಡಿನ ಶೆಡ್ಡುಗಳಿದ್ದವು, ಅವುಗಳಲ್ಲೊಂದು ಅವಳ ಮನೆ.

ಅನುಪಾತದ ಪಾಠದ ದಿನ ಮೇಷ್ಟ್ರು ಉದಾಹರಣೆ ಕೇಳಿದರು. ನಾನು ಪುಸ್ತಕದಲ್ಲಿದ್ದ ಮಾವಿನಹಣ್ಣಿನ ಲೆಕ್ಕ ಹೇಳಿದೆ. ಅವಳು ಎದ್ದು ನಿಂತು, ‘ಮೋಲ್ಡಿಗೆ ಒಂದು ಬಾಂಡ್ಲಿ ಸಿಮೆಂಟಿಗೆ ಎರಡು ಬಾಂಡ್ಲಿ ಮರಳು, ನಾಲ್ಕು ಬಾಂಡ್ಲಿ ಜಲ್ಲಿ’ ಎಂದಳು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ‘ಮರಳು ಹೆಚ್ಚಾದರೆ ಏನಾಗುತ್ತದೆ?’ ಎಂದು ಅವಳನ್ನೇ ಕೇಳಿದರು. ಅವಳು ಹೇಳುತ್ತ ಹೋದಳು, ತರಗತಿ ಕೇಳುತ್ತ ಕೂತಿತು. ಅದುವರೆಗೆ ನನಗೆ ಜ್ಞಾನ ಎಂದರೆ ಹಣ ಕೊಟ್ಟು ಒಳಗೆ ತಂದುಕೊಳ್ಳುವ ವಸ್ತು. ಮನೆಯಿಂದ ಶಾಲೆಗೂ ಅದು ಹರಿದು ಬರಬಹುದೆಂದು ಅಂದು ಕಂಡೆ.

ಅದರಿಂದಲೇ ಮುಂದಿನ ವರ್ಷ ನನಗೆ ಧೈರ್ಯ ಬಂದದ್ದು. ವಿಜ್ಞಾನದ ಪ್ರಯೋಗಕ್ಕೆ ಇಡೀ ತರಗತಿಗೆ ಒಂದೇ ವರ್ನಿಯರ್ ಕ್ಯಾಲಿಪರ್ ಇತ್ತು, ಅದರ ದವಡೆ ಸಡಿಲ. ‘ನಮ್ಮ ಅಪ್ಪನ ಹತ್ತಿರ ಇದೆ’ ಎಂದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೆಲಸದ ವರ್ನಿಯರನ್ನು ಹಳೆಯ ಹಳದಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲನ್ನು ಅಳೆಯುವುದು ಹೇಗೆಂದು ಅರ್ಧ ಗಂಟೆ ತೋರಿಸಿದರು. ಒಬ್ಬೊಬ್ಬರ ಪೆನ್ನಿನ ದಪ್ಪ, ತಲೆಗೂದಲು, ಬಳೆ ಎಲ್ಲವನ್ನೂ ಅಳೆದರು. ಹಳೆಯ ಶಾಲೆಗೆ ಅಪ್ಪ ಹೋದಾಗಲೆಲ್ಲ ಕೌಂಟರಿನ ಈಚೆಗೆ ನಿಂತಿದ್ದರು. ಕೆಲಸ ಹೋದ ಮೇಲೆ ಅವರು ನೆಟ್ಟಗೆ ನಿಂತು ಮಾತನಾಡಿದ್ದನ್ನು ನಾನು ಮೊದಲು ಕಂಡದ್ದು ಆ ಕಪ್ಪುಹಲಗೆಯ ಮುಂದೆ.

ಆ ಹೊತ್ತಿಗೆ ಶಾಲೆಯ ಹಿಂದಿನ ಕಟ್ಟಡ ಮೂರನೇ ಮಹಡಿಗೆ ಬಂದಿತ್ತು. ಗೆಳತಿ ಲೆಕ್ಕ ಹೇಳಿದ್ದಳು: ಇನ್ನೊಂದು ಮೋಲ್ಡ್, ಆಮೇಲೆ ಪ್ಲಾಸ್ಟರಿಂಗ್, ಆಮೇಲೆ ನೆಲ. ನೆಲ ಹಾಕುವವರು ಬೇರೆ ಊರಿನವರು, ಅವರು ಬಂದರೆ ಇವರು ಶೆಡ್ಡು ಬಿಡಬೇಕು. ಕಟ್ಟಡ ಮೇಲೇರಿದಷ್ಟೂ ಅವಳ ಶಾಲೆಯ ದಿನಗಳು ಕರಗುತ್ತಿದ್ದವು. ನಾನು ಬೆಳಗ್ಗೆ ಗೇಟಿನೊಳಗೆ ಬಂದ ಕೂಡಲೇ ಮೊದಲು ನೋಡುತ್ತಿದ್ದದ್ದು ಆ ಕಟ್ಟಡವನ್ನು. ಸಾರುವೆ ಬಿಚ್ಚಿದ ದಿನ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮ ಬೀದಿಯ ಎಲ್ಲರಿಗೂ ಆ ಕಟ್ಟಡ ಬೇಗ ಮುಗಿದರೆ ಸಾಕಿತ್ತು, ಧೂಳು ತಪ್ಪುತ್ತದೆ ಎಂದು. ನನಗೆ ಮಾತ್ರ ಅದು ಮುಗಿಯಬಾರದಿತ್ತು. ಒಂಬತ್ತನೇ ತರಗತಿಯ ಕ್ರಿಸ್‌ಮಸ್ ಕಳೆದು ಬಂದಾಗ ಶೆಡ್ಡುಗಳಿದ್ದ ಜಾಗದಲ್ಲಿ ಒಲೆಯ ಕಲ್ಲುಗಳಷ್ಟೇ ಇದ್ದವು.

ಹಾಜರಿಯಲ್ಲಿ ಅವಳ ಹೆಸರು ಬಂದಾಗ ಟೀಚರ್ ತಡೆದರು. ಕಾರಣ ಹೇಳಬೇಕಾದವಳು ನಾನು. ‘ಕಟ್ಟಡ ಮುಗಿಯಿತು ಟೀಚರ್’ ಎಂದೆ. ಅವರು ತಲೆಯಾಡಿಸಿ ಮುಂದಿನ ಹೆಸರಿಗೆ ಹೋದರು. ಮುಂದಿನ ಮೂರು ತಿಂಗಳು ಅವರು ಪ್ರತಿದಿನ ಅವಳ ಹೆಸರು ಕರೆದರು, ಪ್ರತಿದಿನ ತಡೆದರು.

ಆ ಶಾಲೆಯಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿರುತ್ತಿರಲಿಲ್ಲ. ತಿಂಗಳ ಆ ದಿನಗಳಲ್ಲಿ ಎಷ್ಟೋ ಹುಡುಗಿಯರು ಮನೆಯಲ್ಲೇ ಉಳಿಯುತ್ತಿದ್ದರು, ಹಾಜರಿಯಲ್ಲಿ ಅದಕ್ಕೆ ‘ಹೊಟ್ಟೆನೋವು’ ಎಂಬ ಹೆಸರಿತ್ತು. ಹಿಂದಿಗೆ ಒಂದು ಇಡೀ ವರ್ಷ ಶಿಕ್ಷಕರೇ ಇರಲಿಲ್ಲ. ಇದನ್ನೆಲ್ಲ ಸಹಿಸಿಕೊಳ್ಳುವುದೇ ಜೀವನಪಾಠ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನೀರಿಲ್ಲದ ಶೌಚಾಲಯ ಯಾರಿಗೂ ಏನನ್ನೂ ಕಲಿಸುವುದಿಲ್ಲ.

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಾಗ ಎಲ್ಲವೂ ಮತ್ತೆ ಇಂಗ್ಲಿಷಿಗೆ ತಿರುಗಿತು. ಪ್ರಬಂಧದ ಆ ಗೆಳತಿ, ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ನನಗಿಂತ ಹನ್ನೊಂದು ಅಂಕ ಹೆಚ್ಚು ಪಡೆದವಳು, ಮೊದಲ ವರ್ಷವೇ ಸೋತು ಕೂತಳು. ನನಗೆ ಎರಡೂ ಬಾಗಿಲು ತೆರೆದಿದ್ದವು, ಅವಳಿಗೆ ಒಂದೇ. ಸಂಜೆ ಹೊತ್ತು ಅವಳ ಮನೆಯಲ್ಲಿ ಕೂತು ಇಂಗ್ಲಿಷಿನ ಪದಗಳ ಪಕ್ಕದಲ್ಲಿ ಕನ್ನಡದವನ್ನು ಬರೆದೆವು, ಎರಡು ನೋಟ್‌ಬುಕ್ ತುಂಬಿತು. ಅವಳು ಕಲಾ ವಿಭಾಗಕ್ಕೆ ಬದಲಾಯಿಸಿಕೊಂಡಳು. ಈಗ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ತರಗತಿಯ ಉಳಿದ ಹುಡುಗಿಯರಲ್ಲಿ ಬಹಳ ಮಂದಿ ತಾಯಂದಿರ ಹಿಂದೆಯೇ ಗಾರ್ಮೆಂಟ್ಸಿಗೆ ಹೋದರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಣ ಹಿಂಪಡೆಯುವ ಹೊಸ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗಿಳಿದರು, ಎರಡೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ಕೈಬಿಟ್ಟಿತು. ಟಿ.ವಿ.ಯಲ್ಲಿ ಸಂಚಾರಕ್ಕೆ ಅಡ್ಡಿ ಎಂದು ಹೇಳುತ್ತಿದ್ದರು. ನಾನು ಆ ಗುಂಪಿನಲ್ಲಿ ಮುಖಗಳನ್ನು ಹುಡುಕುತ್ತಿದ್ದೆ. ಖಾಸಗಿ ಶಾಲೆಯಲ್ಲೇ ಉಳಿದಿದ್ದರೆ ನಾನು ಅಂದು ಏನನ್ನು ನೋಡುತ್ತಿದ್ದೆನೋ ಎಂದು ಯೋಚಿಸಿದರೆ ಭಯವಾಗುತ್ತದೆ.

ಕೆಳಗಿನ ಮನೆಯ ಹುಡುಗನನ್ನು ಸೇರಿಸಲು ನಾನೂ ಜೊತೆಗೆ ಹೋದೆ. ಕಟ್ಟಡಕ್ಕೆ ಹೊಸ ಬಣ್ಣ ಬಂದಿದೆ, ಶೌಚಾಲಯದಲ್ಲಿ ನಲ್ಲಿ ತಿರುಗಿಸಿ ನೋಡಿದೆ, ನೀರು ಬಂತು. ಹಿಂದಿನ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿತ್ತು. ಮುಖ್ಯ ಶಿಕ್ಷಕಿ ಹುಡುಗನ ವಿವರ ಬರೆದುಕೊಳ್ಳುವಾಗ, ನಾನು ಹಳೆಯ ವಿದ್ಯಾರ್ಥಿನಿ ಎಂದು ತಿಳಿದು, 2007ರ ದಾಖಲಾತಿ ಪುಸ್ತಕ ತರಿಸಿದರು. ನನ್ನ ಸಾಲು ಸಿಕ್ಕಿತು. ತಂದೆಯ ಉದ್ಯೋಗ: ಟರ್ನರ್. ಅದರ ಕೆಳಗೆ ನಾಲ್ಕನೆಯ ಸಾಲು ಅವಳದು. ತಂದೆಯ ಉದ್ಯೋಗ: ಗಾರೆ. ಶಾಲೆ ಬಿಟ್ಟ ಕಾರಣ: ನಿರಂತರ ಗೈರುಹಾಜರಿ. ಕೊನೆಯ ಅಂಕಣದಲ್ಲಿ, ವರ್ಗಾವಣೆ ಪತ್ರ ಪಡೆದವರ ಸಹಿ ಇರಬೇಕಾದಲ್ಲಿ, ಏನೂ ಇರಲಿಲ್ಲ.

ನಾನು ಆ ಜಾಗದ ಮೇಲೆ ಬೆರಳಿಟ್ಟು ಕೂತಿದ್ದನ್ನು ಮುಖ್ಯ ಶಿಕ್ಷಕಿ ನೋಡಿದರು.

‘ನಿಮ್ಮ ಗೆಳತಿಯೇ?’

‘ಹೌದು ಮೇಡಂ. ಒಂದೇ ಬೆಂಚು.’

ಅವರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿ ಆ ಸಾಲನ್ನು ಪೂರ್ತಿ ಓದಿದರು. ಆಮೇಲೆ, ‘ಬಂದು ಕೇಳಿದರೆ ಈಗಲೂ ಕೊಡುತ್ತೇವೆ’ ಎಂದರು.